ಧರ್ಮದ ದಟ್ಟಿಗೆ ಮೊಳ

“ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ” ಎಂಬ ಗಾದೆಯನ್ನು ನಮ್ಮ ಹಿರಿಯರು ಕೃತಘ್ನರನ್ನು ಜರೆಯುವುದಕ್ಕಾಗಿ ಮಾಡಿದರು. ಪುಕ್ಕಟೆ ಬಂದ ಬಟ್ಟೆಯ ಉದ್ದ ಅಳೆಯುವವನು ಸಣ್ಣ ಮನುಷ್ಯ ಎಂಬುದು ಅದರ ತಾತ್ಪರ್ಯ. ಆದರೆ ಕೊಟ್ಟವನೇ ದಟ್ಟಿಯ ಜೊತೆಗೆ ಒಂದು ಅಳತೆಗೋಲು, ಒಂದು ಕತ್ತರಿ, ಒಂದಿಷ್ಟು ಸೂಜಿದಾರ ಇಟ್ಟು, “ಅಯ್ಯಾ, ಉದ್ದ ಸಾಲದಿದ್ದರೆ ಅಂಚು ಹಚ್ಚಿಕೋ, ಹರಿದರೆ ಹೊಲಿದುಕೋ, ಇದರಂತೆಯೇ ಇನ್ನೊಂದು ನೇಯ್ದು ನೆರೆಯವನಿಗೂ ಕೊಡು” ಎಂದಿದ್ದರೆ? ಆಗ ಮೊಳ ಹಾಕುವುದು ಕೃತಘ್ನತೆಯೋ, ಕರ್ತವ್ಯವೋ? ಈ ಸಲದ ನಮ್ಮ ಮಾತು ಅಂಥದೊಂದು ದಟ್ಟಿಯನ್ನು ಕುರಿತದ್ದು.

ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಸಾಫ್ಟ್‌ವೇರು ಕೆಲಸದವರಿಲ್ಲದ ಮನೆ ಈಗ ಅಪರೂಪ. ಅಂಥ ತರುಣರು ಇಬ್ಬರು ಕೂಡಿದರೆ ಒಂದು ಜಗಳ ಆಗಾಗ ಏಳುತ್ತದೆ. ‘ಗ್ನು’ ಎಂಬ ಹೆಸರಿನ ಹಳೆಯ ಉಪಕರಣಗಳು ಇಲ್ಲದಿದ್ದರೆ ಇಂದಿನ ಕಂಪ್ಯೂಟರು ಪ್ರಪಂಚವೇ ಇರುತ್ತಿರಲಿಲ್ಲ ಎಂದು ಒಬ್ಬ ಹೇಳುತ್ತಾನೆ. ಅವು ಕಗ್ಗಂಟು, ಕಾಲ ಮೀರಿದವು, ಹೆಸರಿನ ಬಲದಿಂದ ಉಳಿದುಕೊಂಡಿವೆ ಎಂದು ಇನ್ನೊಬ್ಬ ಹೇಳುತ್ತಾನೆ. ಪಕ್ಕದಲ್ಲಿ ಕುಳಿತ ತಂದೆತಾಯಿಗಳಿಗೆ ಇದು ಗ್ರೀಕು ಭಾಷೆ. ಆದರೂ ಇದರಲ್ಲಿ ನಾವೆಲ್ಲ ತಿಳಿಯಬೇಕಾದ ಸಂಗತಿಯೊಂದಿದೆ. ಹಿರಿಯರಿಂದ ಬಂದ ಆಸ್ತಿಯಲ್ಲಿ ದೋಷವಿದ್ದರೆ ವಾರಸುದಾರನು ಏನು ಮಾಡಬೇಕು ಎಂಬ ಪ್ರಶ್ನೆ ಅದು.

ಮೊದಲು ಉಪಕರಣಗಳೆಂದರೆ ಏನೆಂದು ನೋಡೋಣ. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು, ಇಷ್ಟೇ. ಮನುಷ್ಯ ಬರೆಯುವುದಾದರೋ ಅಕ್ಷರಗಳಲ್ಲಿ. ಮನುಷ್ಯನ ಬರಹವನ್ನು ಯಂತ್ರದ ಅಂಕಿಗಳಿಗೆ ತಿರುಗಿಸುವ ದುಭಾಷಿಗೆ ಕಂಪೈಲರು ಎಂದು ಹೆಸರು. ಬರೆಯುವುದಕ್ಕೆ ಒಂದು ಹಲಗೆ ಬೇಕಲ್ಲ, ಅದು ಎಡಿಟರು. ಯಂತ್ರಕ್ಕೆ ಅಪ್ಪಣೆ ಕೊಡುವ ಬಾಗಿಲು ಶೆಲ್. ಬೇರೆ ಬೇರೆ ಭಾಗಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿಕೊಡುವ ಮೇಸ್ತ್ರಿಯೂ ಒಬ್ಬನುಂಟು. ನಾವು ಬ್ಯಾಂಕಿನಲ್ಲಿ, ರೈಲ್ವೆ ಟಿಕೆಟ್ಟಿನಲ್ಲಿ, ಕೈಯಲ್ಲಿರುವ ಫೋನಿನಲ್ಲಿ ಬಳಸುವ ಪ್ರೋಗ್ರಾಮುಗಳೆಲ್ಲ ಇಂಥ ಉಪಕರಣಗಳ ಕೈಯಿಂದಲೇ ಹುಟ್ಟಿಬರುತ್ತವೆ. ಮನೆ ಎಲ್ಲರಿಗೂ ಕಾಣುತ್ತದೆ; ಕಟ್ಟಿದ ಕರಣೆ, ತೂಗುಗುಂಡು ಯಾರಿಗೂ ಕಾಣುವುದಿಲ್ಲ.

ಈ ಕಥೆ ಆರಂಭವಾದದ್ದು ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯ ಒಂದು ಪ್ರಯೋಗಾಲಯದಲ್ಲಿ. 1980ರ ಸುಮಾರಿಗೆ ಅಲ್ಲಿಗೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಮುದ್ರಣಯಂತ್ರವೊಂದು ಬಂತು. ಕಾಗದ ಸಿಕ್ಕಿಕೊಂಡರೆ ಕಾದಿದ್ದವರಿಗೆ ಸುದ್ದಿ ಮುಟ್ಟಿಸುವಂತೆ ಹಳೆಯ ಯಂತ್ರದ ಪ್ರೋಗ್ರಾಮನ್ನು ಅಲ್ಲಿಯವರು ತಾವೇ ತಿದ್ದಿಕೊಂಡಿದ್ದರು. ಹೊಸದಕ್ಕೂ ಹಾಗೆಯೇ ಮಾಡಲು ಹೊರಟರೆ ಅದರ ಮೂಲಬರಹ ಸಿಗಲಿಲ್ಲ. ಬೇರೊಂದು ವಿಶ್ವವಿದ್ಯಾನಿಲಯದಲ್ಲಿ ಅದನ್ನು ಇಟ್ಟುಕೊಂಡಿದ್ದ ಒಬ್ಬರನ್ನು ಕೇಳಿದರೆ, “ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ” ಎಂಬ ಅರ್ಥದ ಉತ್ತರ ಬಂತು. ಕೇಳಹೋಗಿದ್ದವರು ರಿಚರ್ಡ್ ಸ್ಟಾಲ್‌ಮನ್. ಕಲಿತವನು ನೆರೆಯವನಿಗೆ ಹೇಳಿಕೊಡಬಾರದು ಎಂಬ ಈ ಕಟ್ಟುಪಾಡು ಅವರಿಗೆ ಅಧರ್ಮವೆಂದು ತೋರಿತು.

1983ರ ಸೆಪ್ಟೆಂಬರ್ 27ರಂದು ಅವರು ಒಂದು ಪ್ರಕಟನೆ ಹೊರಡಿಸಿದರು. ಆಗ ಪ್ರಸಿದ್ಧವಾಗಿದ್ದ ಯೂನಿಕ್ಸ್ ಎಂಬ ವ್ಯವಸ್ಥೆಗೆ ಸರಿಸಾಟಿಯಾದ ಇನ್ನೊಂದನ್ನು ಬರೆದು, ಯಾರು ಬೇಕಾದರೂ ಬಳಸುವಂತೆ, ತೆರೆದು ನೋಡುವಂತೆ, ತಿದ್ದುವಂತೆ, ಹಂಚುವಂತೆ ಬಿಟ್ಟುಕೊಡುತ್ತೇನೆ ಎಂದು ಸಾರಿದರು. ಅದಕ್ಕೆ ಗ್ನು ಎಂದು ಹೆಸರಿಟ್ಟರು. 1984ರ ಜನವರಿಯಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ತಾವು ಬರೆದದ್ದರ ಮೇಲೆ ಸಂಸ್ಥೆ ಹಕ್ಕು ಹೇಳಬಾರದಲ್ಲ! 1985ರಲ್ಲಿ ಈಮ್ಯಾಕ್ಸ್ ಎಂಬ ಎಡಿಟರು ಬಂತು. ಬೇಕೆಂದವರಿಗೆ ಅದರ ಟೇಪನ್ನು 150 ಡಾಲರಿಗೆ ಕಳಿಸುತ್ತಿದ್ದರು. ಇಲ್ಲಿ ಒಂದು ಮಾತು. ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವತಂತ್ರಕ್ಕೂ ಒಂದೇ ಶಬ್ದ. ಅದರಿಂದ ಅಲ್ಲಿ ಇಂದಿಗೂ ಗೊಂದಲ. ಕನ್ನಡದಲ್ಲಿ ಆ ಕಷ್ಟವಿಲ್ಲ. ಅವರು ಕೊಟ್ಟದ್ದು ಪುಕ್ಕಟೆ ಸಾಮಾನಲ್ಲ, ಸ್ವತಂತ್ರ ಸಾಮಾನು.

1987ರಲ್ಲಿ ಜಿಸಿಸಿ ಎಂಬ ಕಂಪೈಲರು ಹೊರಬಂತು. 1989ರಲ್ಲಿ ಬ್ರಯನ್ ಫಾಕ್ಸ್ ಬರೆದ ಬ್ಯಾಷ್ ಎಂಬ ಶೆಲ್ ಬಂತು. ಅದೇ ವರ್ಷ ಈ ಸ್ವಾತಂತ್ರ್ಯವನ್ನು ಕಾಪಾಡುವ ಜಿಪಿಎಲ್ ಎಂಬ ಪರವಾನಗಿಯೂ ಬಂತು. ಅದರ ನಿಯಮ ಸರಳ. ತಿದ್ದಿಕೊಳ್ಳಿರಿ, ಹಂಚಿರಿ, ಆದರೆ ಹಂಚುವಾಗ ನಿಮಗಿದ್ದ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡಿರಿ. ಊರ ಬಾವಿಯ ನೀರು ಸೇದಿಕೊಂಡು ಹೋಗಬಹುದು, ಬಾವಿಗೆ ಬೀಗ ಹಾಕುವಂತಿಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಲಿನಕ್ಸನ್ನು ಪ್ರಕಟಿಸಿದಾಗ ಅದರ ಮೇಲೆ ಮೊಟ್ಟಮೊದಲು ಓಡಿಸಿದ್ದು ಬ್ಯಾಷ್ ಮತ್ತು ಜಿಸಿಸಿಗಳನ್ನು. ಉಪಕರಣಗಳು ಸಿದ್ಧವಾಗಿದ್ದುದರಿಂದಲೇ ಒಬ್ಬ ವಿದ್ಯಾರ್ಥಿಗೆ ಆ ಸಾಹಸ ಸಾಧ್ಯವಾಯಿತು.

ಸರಿ, ಗುಣ ಹೇಗಿತ್ತು? ಧರ್ಮಕ್ಕೆ ಬಂದದ್ದು ಜಾಳು ಬಟ್ಟೆಯೇ? ಇದಕ್ಕೆ ಪರೀಕ್ಷೆಯೇ ನಡೆದಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬಾರ್ಟನ್ ಮಿಲ್ಲರ್ ಎಂಬ ಪ್ರಾಧ್ಯಾಪಕರು 1988ರಲ್ಲಿ ಒಂದು ಮಳೆಯ ರಾತ್ರಿ ಮನೆಯಿಂದ ಟೆಲಿಫೋನ್ ತಂತಿಯ ಮೂಲಕ ಕೆಲಸ ಮಾಡುತ್ತಿದ್ದರು. ತಂತಿಯ ಗದ್ದಲದಿಂದ ಅಡ್ಡಾದಿಡ್ಡಿ ಅಕ್ಷರಗಳು ನುಸುಳಿದಾಗ ಹೆಸರಾಂತ ಪ್ರೋಗ್ರಾಮುಗಳೂ ಕುಸಿದುಬಿದ್ದವು. ಅವರು ಅದನ್ನೇ ಪರೀಕ್ಷೆಯ ಕ್ರಮವನ್ನಾಗಿ ಮಾಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು: ಯೂನಿಕ್ಸ್ ಉಪಕರಣಗಳಲ್ಲಿ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಹೀಗೆ ಕುಸಿಯುತ್ತಿದ್ದವು. 1995ರಲ್ಲಿ ಮತ್ತೆ ಪರೀಕ್ಷಿಸಿದಾಗ, ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಗಳ ಉಪಕರಣಗಳು ನೂರಕ್ಕೆ 15ರಿಂದ 43ರವರೆಗೆ ಸೋತವು. ಗ್ನು ಉಪಕರಣಗಳ ಸೋಲು ನೂರಕ್ಕೆ ಹತ್ತಕ್ಕಿಂತ ಕಡಮೆ. ಪರೀಕ್ಷೆಗೆ ಕೂತವರಲ್ಲೆಲ್ಲ ಅವರದೇ ಅತಿ ಕಡಮೆ. ಕಾರಣವೂ ಸ್ಪಷ್ಟ. ಸಾಲು ಇಷ್ಟೇ ಉದ್ದವಿರಬೇಕು, ಹೆಸರು ಇಷ್ಟೇ ಅಕ್ಷರವಿರಬೇಕು ಎಂಬ ಮನಬಂದ ಮಿತಿಗಳನ್ನು ಹಾಕಬಾರದೆಂದು ಗ್ನು ಬರಹದ ನಿಯಮವೇ ಹೇಳುತ್ತಿತ್ತು. ದಟ್ಟಿ ಅಂದಿನ ಅಂಗಡಿಯ ಬಟ್ಟೆಗಿಂತ ಗಟ್ಟಿಯಾಗಿಯೇ ಇತ್ತು.

ಇನ್ನು ದೂರುಗಳನ್ನು ಕೇಳೋಣ. ಅವೂ ಸುಳ್ಳಲ್ಲ.

ಮೊದಲನೆಯ ದೂರು ಕಂಪೈಲರಿನ ಮೇಲೆ. ಸ್ಟೀವ್ ಜಾಬ್ಸ್ ಸ್ಥಾಪಿಸಿದ ನೆಕ್ಸ್ಟ್ ಕಂಪನಿಯವರು ಜಿಸಿಸಿಗೆ ಹೊಸ ಭಾಷೆಯೊಂದರ ಭಾಗವನ್ನು ಜೋಡಿಸಿ, ತಮ್ಮ ಭಾಗದ ಮೂಲಬರಹವನ್ನು ಮುಚ್ಚಿಡಲು ನೋಡಿದರು. ಜಿಪಿಎಲ್ ಒಪ್ಪಲಿಲ್ಲ, ಬಿಟ್ಟುಕೊಡಬೇಕಾಯಿತು. ಇದು ಗೆಲುವೇ ಸರಿ. ಆದರೆ ಇಂಥ ಭಯದಿಂದಲೇ ಸ್ಟಾಲ್‌ಮನ್ನರು ಕಂಪೈಲರಿನ ಒಳಕೋಣೆಗಳಿಗೆ ಹೊರಗಿನಿಂದ ಬಾಗಿಲು ಇಡಲು ಒಪ್ಪಲಿಲ್ಲ. ಬಾಗಿಲಿಟ್ಟರೆ ಯಾರಾದರೂ ಮುಚ್ಚಿದ ಭಾಗವನ್ನು ತಂದು ಅಂಟಿಸಿಯಾರು ಎಂಬುದು ಅವರ ಚಿಂತೆ. ಪರಿಣಾಮವೇನು? ಕಳ್ಳನಿಗೆಂದು ಹಾಕಿದ ಬೇಲಿ ಮನೆಯವರಿಗೂ ತೊಡಕಾಯಿತು. ಕಂಪೈಲರಿನ ಜ್ಞಾನವನ್ನು ಬೇರೆ ಉಪಕರಣಗಳಿಗೆ ಬಳಸಿಕೊಳ್ಳಬೇಕೆಂದವರು, ಹೊಸದನ್ನು ಪ್ರಯೋಗಿಸಬೇಕೆಂದ ವಿದ್ಯಾರ್ಥಿಗಳು, ಇವರೆಲ್ಲ ಹೊರಗೇ ನಿಂತರು. 1997ರಲ್ಲಿ ಬೇಸತ್ತ ಕೆಲಸಗಾರರೇ ಬೇರೆ ಒಲೆ ಹೂಡಿದರು. ಹೊಸ ಒಲೆಯ ಅಡುಗೆಯೇ ರುಚಿಯೆಂದು ಎಲ್ಲರೂ ಕಂಡಮೇಲೆ 1999ರಲ್ಲಿ ಅದನ್ನೇ ಅಧಿಕೃತ ಜಿಸಿಸಿಯೆಂದು ಒಪ್ಪಲಾಯಿತು. ಮನೆ ಒಡೆದರೂ ಮತ್ತೆ ಕೂಡಿತು. ಮೂಲಬರಹ ಎಲ್ಲರದೂ ಆಗಿದ್ದುದರಿಂದಲೇ ಒಡೆಯುವುದೂ ಕೂಡುವುದೂ ಎರಡೂ ಸಾಧ್ಯವಾದವು.

ಅಷ್ಟರಲ್ಲಿ, 2000ದಲ್ಲಿ, ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಎಲ್‌ಎಲ್‌ವಿಎಂ ಎಂಬ ಹೊಸ ಕೆಲಸ ಆರಂಭವಾಗಿತ್ತು. ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್. ಗುರುಗಳು ವಿಕ್ರಮ್ ಆಡ್ವೆ, ನಮ್ಮ ಮುಂಬಯಿಯ ಐಐಟಿಯಲ್ಲೇ ಓದಿದವರು. ಒಳಗೆಲ್ಲ ಬಿಡಿಬಿಡಿ ಭಾಗಗಳು, ಬೇಕಾದದ್ದನ್ನು ಬೇಕಾದಲ್ಲಿ ಎತ್ತಿ ಜೋಡಿಸಬಹುದಾದ ಕಟ್ಟಡ. 2005ರಲ್ಲಿ ಲ್ಯಾಟ್ನರ್ ತಮ್ಮ ಕೆಲಸವನ್ನು ಗ್ನು ಮನೆತನಕ್ಕೇ ಒಪ್ಪಿಸಲು ಸಿದ್ಧರೆಂದು ಪತ್ರ ಬರೆದರು. ಆ ಪತ್ರ ಸ್ಟಾಲ್‌ಮನ್ನರ ಕಣ್ಣಿಗೆ ಬೀಳಲೇ ಇಲ್ಲ! ಹತ್ತು ವರ್ಷದ ಮೇಲೆ, 2015ರಲ್ಲಿ, ಅಂಥ ಪತ್ರ ಬಂದಿತ್ತೆಂದು ತಿಳಿದು ಅವರು ಬೆರಗಾದರು. ಆಗ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತೆಂದು ಹೇಳಿದರು. ಸರಕಾರಿ ಕಚೇರಿಯಲ್ಲಿ ಟಪಾಲು ನೋಡುವ ನಮ್ಮಂಥವರಿಗೆ ಇದರಲ್ಲಿ ನಗುವೂ ಉಂಟು, ನಡುಕವೂ ಉಂಟು. ಆವಕ ರಿಜಿಸ್ಟರಿನಲ್ಲಿ ಒಂದು ಸಾಲು ತಪ್ಪಿದರೆ ಒಂದು ಅರ್ಜಿ ಕೆಡುತ್ತದೆ ಎಂದುಕೊಂಡಿದ್ದೆವು. ಒಂದು ಯುಗವೇ ಪಕ್ಕಕ್ಕೆ ತಿರುಗಬಹುದು.

ಲ್ಯಾಟ್ನರ್ ಆಪಲ್ ಕಂಪನಿಗೆ ಹೋದರು. 2007ರಲ್ಲಿ ಕ್ಲ್ಯಾಂಗ್ ಎಂಬ ಕಂಪೈಲರು ಬಹಿರಂಗವಾಯಿತು. ಅದರ ಕೀರ್ತಿಗೆ ಒಂದು ಕಾರಣ ಬಹಳ ಸಣ್ಣದು: ತಪ್ಪಾದರೆ ಅದು ಅರ್ಥವಾಗುವಂತೆ ಹೇಳುತ್ತಿತ್ತು. ಒಂದು ಚಿಹ್ನೆ ಬಿಟ್ಟುಹೋದರೆ ಜಿಸಿಸಿ ಎಲ್ಲೋ ಕೆಳಗಿನ ಸಾಲಿನಲ್ಲಿ ಗದರುತ್ತಿತ್ತು. ಕ್ಲ್ಯಾಂಗ್ ಆ ಸಾಲನ್ನೇ ತೋರಿಸಿ, ಬಿಟ್ಟುಹೋದ ಜಾಗಕ್ಕೆ ಬೆರಳಿಟ್ಟು, “ಇಲ್ಲಿ ಹೀಗಿರಬೇಕಿತ್ತೇನೋ” ಎನ್ನುತ್ತಿತ್ತು. ಶಿಷ್ಯನಿಗೆ ಎರಡನೆಯ ಮೇಷ್ಟರೇ ಪ್ರಿಯರಾದರೆ ಆಶ್ಚರ್ಯವೇನು? 2014ರಲ್ಲಿ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆ ಕ್ಲ್ಯಾಂಗನ್ನೇ ತನ್ನ ಮುಖ್ಯ ಕಂಪೈಲರಾಗಿ ಇಟ್ಟುಕೊಂಡಿತು.

ಆದರೆ ಮುಂದೇನಾಯಿತೆಂಬುದನ್ನೂ ನೋಡಬೇಕು. ಜಿಸಿಸಿ 2010ರಲ್ಲಿ ಹೊರಗಿನ ಜೋಡಣೆಗಳಿಗೆ ಬಾಗಿಲು ತೆರೆಯಿತು. ಜೋಡಿಸುವವರೂ ಮೂಲಬರಹ ಬಿಟ್ಟುಕೊಡಬೇಕೆಂಬ ಕಟ್ಟುಪಾಡು ಮಾಡಿ ಹಳೆಯ ಭಯಕ್ಕೂ ಪರಿಹಾರ ಕಂಡುಕೊಂಡಿತು. 2013ರಲ್ಲಿ ತಪ್ಪಿರುವ ಜಾಗಕ್ಕೆ ಅದೂ ಬೆರಳಿಡತೊಡಗಿತು. ಇಂದು ಲಿನಕ್ಸ್ ತಿರುಳನ್ನು ಎರಡರಿಂದಲೂ ಕಟ್ಟಬಹುದು. ಎಲ್‌ಎಲ್‌ವಿಎಂ ಪರವಾನಗಿ ಮುಚ್ಚಿಟ್ಟುಕೊಳ್ಳುವವರಿಗೂ ಅವಕಾಶ ಕೊಡುತ್ತದೆ, ಜಿಸಿಸಿ ಕೊಡುವುದಿಲ್ಲ. ಕಟ್ಟಡದ ಮಾತಿನಲ್ಲಿ ಕಿರಿಯದು ಗೆದ್ದಿತೆನ್ನಿರಿ, ಬಾವಿಯ ಮಾತಿನಲ್ಲಿ ಹಿರಿಯದರ ಕಾವಲು ಇನ್ನೂ ಬೇಕು. ಎರಡು ಅಂಗಡಿಗಳಿದ್ದರೆ ಗಿರಾಕಿಗೆ ಸುಖ ಎಂಬುದು ಹಳೆಯ ನ್ಯಾಯವೇ.

ಎರಡನೆಯ ದೂರು ಇದಕ್ಕಿಂತ ಗಂಭೀರ. 1980ರ ದಶಕದಲ್ಲಿ ಯೂನಿಕ್ಸ್ ಎಂದರೆ ಒಂದಲ್ಲ, ಕಂಪನಿಗೊಂದು ಬಗೆ. ಒಂದರಲ್ಲಿರುವುದು ಇನ್ನೊಂದರಲ್ಲಿಲ್ಲ. ಆದ್ದರಿಂದ ಪ್ರೋಗ್ರಾಮು ಕಟ್ಟುವ ಮುಂಚೆ, “ಈ ಯಂತ್ರದಲ್ಲಿ ಇದು ಇದೆಯೇ? ಅದು ಇದೆಯೇ?” ಎಂದು ಒಂದೊಂದಾಗಿ ವಿಚಾರಿಸುವ ‘ಕಾನ್ಫಿಗರ್’ ಎಂಬ ಬರಹಗಳು ಬಂದವು. ಅವನ್ನು ತಾನೇ ಬರೆದುಕೊಡುವ ಆಟೋಕಾನ್ಫ್ ಎಂಬ ಉಪಕರಣವನ್ನು 1991ರಲ್ಲಿ ಡೇವಿಡ್ ಮೆಕೆಂಝಿ ಆರಂಭಿಸಿದರು. ಅಂದಿಗೆ ಅದು ದೊಡ್ಡ ಉಪಕಾರ. ಆದರೆ ಯಂತ್ರಗಳು ಸತ್ತವು, ಪ್ರಶ್ನೆಗಳು ಉಳಿದವು. ಕಚೇರಿಯ ಫೈಲುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವ ಕಾಲದಲ್ಲೋ ಯಾವುದೋ ಕಾರಣಕ್ಕೆ ಒಂದು ಕಾಲಂ ಸೇರಿಸಿರುತ್ತಾರೆ. ಕಾರಣ ಹೋಗುತ್ತದೆ, ಸೇರಿಸಿದವರು ನಿವೃತ್ತರಾಗುತ್ತಾರೆ. ಕಾಲಂ ಮಾತ್ರ ನಿವೃತ್ತಿಯಾಗುವುದಿಲ್ಲ. ತೆಗೆಯಲು ಎಲ್ಲರಿಗೂ ಹೆದರಿಕೆ. ತುಂಬಿದರೆ ಯಾರಿಗೂ ನಷ್ಟವಿಲ್ಲ. ಹೀಗೆಯೇ ಆ ಬರಹಗಳು ಸಾವಿರಾರು ಸಾಲು ಬೆಳೆದವು. ಫ್ರೀಬಿಎಸ್‌ಡಿಯ ಹಳೆಯ ಕೆಲಸಗಾರ ಪೌಲ್-ಹೆನ್ನಿಂಗ್ ಕಾಂಪ್ ಎಂಬುವರು 2012ರಲ್ಲಿ ಈ ಬಗ್ಗೆ ಖಾರವಾಗಿ ಬರೆದರು. ಆ ಪ್ರಶ್ನೆಗಳು ವಿಚಾರಿಸುತ್ತಿರುವುದು ಎಂದೋ ಮಾಯವಾದ ಯಂತ್ರಗಳನ್ನು; ಆ ಯಂತ್ರಗಳಲ್ಲಿ ಇಂದಿನ ಪ್ರೋಗ್ರಾಮು ಹಿಡಿಸುವಷ್ಟು ಜಾಗವೇ ಇರಲಿಲ್ಲ ಎಂಬುದು ಅವರ ಚುಚ್ಚುಮಾತು. ಅದೇ 2012ರಲ್ಲಿ ಬಂದ ಆಟೋಕಾನ್ಫಿನ 2.69ನೆಯ ಆವೃತ್ತಿಯ ಮುಂದಿನದು ಹೊರಬಂದದ್ದು 2020ರ ಡಿಸೆಂಬರಿನಲ್ಲಿ. ಎಂಟು ವರ್ಷ! ಬಳಸುವವರು ಲೋಕವೆಲ್ಲ, ನೋಡಿಕೊಳ್ಳುವವರು ಬೆರಳೆಣಿಕೆ.

ಇದರಿಂದ ಬರೀ ಕಾಲಹರಣವಲ್ಲ, ಅಪಾಯವೂ ಉಂಟೆಂಬುದು 2024ರ ಮಾರ್ಚಿನಲ್ಲಿ ಕಂಡಿತು. ಎಕ್ಸ್‌ಝಡ್ ಎಂಬ ಸಣ್ಣ ಉಪಕರಣ, ಗ್ನುವಿನದಲ್ಲ, ಆದರೆ ಕಟ್ಟುವ ಕ್ರಮ ಇದೇ. ಅದನ್ನು ಒಬ್ಬರೇ ದಣಿದು ನೋಡಿಕೊಳ್ಳುತ್ತಿದ್ದರು. ಸಹಾಯಕ್ಕೆಂದು ಬಂದ ಒಬ್ಬ ಮುಖವಿಲ್ಲದ ವ್ಯಕ್ತಿ ಎರಡು ವರ್ಷಕ್ಕೂ ಮೇಲೆ ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲೊಂದನ್ನು ಇಟ್ಟ. ಅದರ ಕೀಲಿಯನ್ನು ಬಚ್ಚಿಟ್ಟದ್ದೆಲ್ಲಿ? ಯಾರೂ ಓದದ ಈ ಕಟ್ಟುವ ಬರಹಗಳ ಪೊದೆಯಲ್ಲಿ. ಅದೂ ಎಲ್ಲರಿಗೂ ಕಾಣುವ ಮೂಲಭಂಡಾರದಲ್ಲಲ್ಲ, ಹಂಚುವ ಕಟ್ಟಿನಲ್ಲಿ ಮಾತ್ರ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ದೂರದ ಯಂತ್ರದೊಳಕ್ಕೆ ಹೋಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು ಬೆನ್ನು ಹತ್ತಿದ್ದರಿಂದ ಲೋಕ ಉಳಿಯಿತು. ಮೂಲಬರಹ ತೆರೆದಿದ್ದುದರಿಂದ ಅವರು ಹಿಡಿಯಬಲ್ಲವರಾದರು. ಅದನ್ನು ಯಾರೂ ಓದದಿದ್ದುದರಿಂದ ಕಳ್ಳನಿಗೆ ಅಡಗಲು ಜಾಗ ಸಿಕ್ಕಿತು. ಎರಡೂ ನಿಜ.

ಮೂರನೆಯ ದೂರು ಇದರ ಅಣ್ಣನೇ. ಬ್ಯಾಷ್ ಶೆಲ್ಲಿನಲ್ಲಿ 2014ರ ಸೆಪ್ಟೆಂಬರಿನಲ್ಲಿ ಸ್ಟೆಫಾನ್ ಷಝೆಲಾ ಎಂಬುವರು ಒಂದು ಭಾರಿ ದೋಷ ಕಂಡುಹಿಡಿದರು. ಹೊರಗಿನವರು ಯಂತ್ರಕ್ಕೆ ತಮ್ಮ ಅಪ್ಪಣೆ ಹೊರಡಿಸುವಷ್ಟು ದೊಡ್ಡದು. ಅದು ಅಲ್ಲಿದ್ದದ್ದು 1989ರಿಂದ! ಎಲ್ಲರ ಕಣ್ಣು ಬಿದ್ದರೆ ದೋಷ ಉಳಿಯದೆಂಬ ಮಾತು ಕೇಳಲು ಇಂಪು. ಆದರೆ ಎಲ್ಲರೂ ನೋಡುತ್ತಾರೆಂದು ಪ್ರತಿಯೊಬ್ಬನೂ ನಂಬಿದರೆ ಯಾರೂ ನೋಡುವುದಿಲ್ಲ. ಬ್ಯಾಷನ್ನು ದಶಕಗಳಿಂದ ಸಾಕಿಕೊಂಡು ಬಂದವರು ಚೆಟ್ ರೇಮಿ; ತಮ್ಮ ವಿಶ್ವವಿದ್ಯಾನಿಲಯದ ಕೆಲಸದ ಜೊತೆಗೆ, ಸ್ವಯಂಸೇವೆಯಾಗಿ. ಅಷ್ಟು ಯಂತ್ರಗಳ ಬಾಗಿಲಿಗೆ ಹೆಚ್ಚುಕಡಮೆ ಒಬ್ಬನೇ ಕಾವಲುಗಾರ ಎಂದರೆ, ನಾಚಬೇಕಾದವರು ಕಾವಲುಗಾರರಲ್ಲ.

ಸ್ಥಾಪಕರ ಸ್ವಭಾವದ ಮಾತೂ ಈ ಜಗಳದಲ್ಲಿ ಬರುತ್ತದೆ. ಸ್ಟಾಲ್‌ಮನ್ನರು ತಾವು ಆಡಿದ ಕೆಲವು ಮಾತುಗಳಿಂದ ವಿವಾದಕ್ಕೊಳಗಾಗಿ 2019ರಲ್ಲಿ ತಾವೇ ಸ್ಥಾಪಿಸಿದ ಪ್ರತಿಷ್ಠಾನವನ್ನು ಬಿಟ್ಟರು. 2021ರಲ್ಲಿ ಅದರ ಮಂಡಲಿಗೆ ಮರಳಿದಾಗ ವಿರೋಧ ಮತ್ತಷ್ಟು ಎದ್ದಿತು. ಅದೇ ವರ್ಷ ಜೂನಿನಲ್ಲಿ, ತಿದ್ದುಪಡಿ ಕೊಡುವವರೆಲ್ಲ ಹಕ್ಕನ್ನು ಪ್ರತಿಷ್ಠಾನಕ್ಕೆ ಬರೆದುಕೊಡಬೇಕೆಂಬ ಹಳೆಯ ನಿಯಮವನ್ನು ಜಿಸಿಸಿಯವರು ಸಡಿಲಿಸಿದರು. ಇದರಿಂದ ಕಂಪೈಲರು ನಿಂತಿತೇ? ಇಲ್ಲ. ಕಟ್ಟಿದವರನ್ನು ಪೂಜಿಸದೆಯೂ ಛತ್ರದಲ್ಲಿ ಇಳಿದುಕೊಳ್ಳಬಹುದು. ಅವರೊಡನೆ ಮುನಿಸಿಕೊಂಡವರೂ ಅದರ ಸೂರು ಸರಿಮಾಡಬಹುದು. ಆ ಹಕ್ಕನ್ನು ದಾನಪತ್ರದಲ್ಲೇ ಬರೆದಿಟ್ಟದ್ದು ಅವರ ದೊಡ್ಡತನವೆನ್ನಬೇಕು.

ಹಾಗಾದರೆ ನಮ್ಮ ತರುಣರ ಜಗಳಕ್ಕೆ ತೀರ್ಪೇನು? ಇಬ್ಬರೂ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಾರೆ. ಉಪಕರಣ ಚೆನ್ನಾಗಿದೆಯೇ ಎಂಬುದು ಒಂದು. ಅದಕ್ಕೆ ಪ್ರತಿವರ್ಷ ಹೊಸದಾಗಿ ಪರೀಕ್ಷೆ ಇಟ್ಟು ಉತ್ತರ ಹೇಳಬೇಕು. 1995ರ ಅಂಕಪಟ್ಟಿ ತೋರಿಸಿ ಇಂದು ತೇರ್ಗಡೆಯಾಗಲು ಬರುವುದಿಲ್ಲ. ಅದರಿಂದ ನಮಗೆ ದೊರೆತ ಹಕ್ಕು ದೊಡ್ಡದೇ ಎಂಬುದು ಇನ್ನೊಂದು. ಅದಕ್ಕೆ ಹೌದೆಂಬ ಉತ್ತರ ಬದಲಾಗುವುದಿಲ್ಲ. ಕೃತಜ್ಞತೆಯಿಂದ ದೋಷ ಮುಚ್ಚಿದರೆ ದಟ್ಟಿ ಹರಿಯುತ್ತದೆ. ದೋಷ ಕಂಡಿತೆಂದು ಕೃತಜ್ಞತೆ ಬಿಟ್ಟರೆ ಹೊಲಿಯುವ ಮನಸ್ಸೇ ಬರುವುದಿಲ್ಲ.

ನಮ್ಮ ಮನೆಗಳ ಮಕ್ಕಳಿಗೆ ಇದು ದೂರದ ಮಾತೂ ಅಲ್ಲ. ಇಲ್ಲೇ ಪವಾಯಿಯ ಐಐಟಿಯಲ್ಲಿ ಉದಯ ಖೇಡ್ಕರ್ ಎಂಬ ಪ್ರಾಧ್ಯಾಪಕರು ಜಿಸಿಸಿಯ ಒಳಗನ್ನು ತಿಳಿಸಿಕೊಡುವುದಕ್ಕೆಂದೇ ಒಂದು ಕೇಂದ್ರವನ್ನು ಕಟ್ಟಿ ಕಮ್ಮಟಗಳನ್ನು ನಡೆಸಿದರು. ಈಮ್ಯಾಕ್ಸಿನಲ್ಲಿ ಲೋಕದ ಭಾಷೆಗಳ ವಂದನೆಗಳನ್ನೆಲ್ಲ ಒಟ್ಟಿಗೆ ತೋರಿಸುವ ಒಂದು ಹಾಳೆಯುಂಟು. ಅದರಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಯಾವ ಕಂಪನಿಯೂ ಲಾಭನಷ್ಟ ಲೆಕ್ಕ ಹಾಕಿ ಅದನ್ನು ಅಲ್ಲಿ ಬರೆಸಲಿಲ್ಲ. ಬಾಗಿಲು ತೆರೆದಿತ್ತು, ಬಲ್ಲವರು ಬಂದು ಬರೆದರು, ಅಷ್ಟೆ. ಪರಸ್ಥಳದಲ್ಲಿ ನಮ್ಮ ಭಾಷೆಗೆ ಒಂದು ಮಣೆ ಹಾಕಿಸುವುದು ಎಷ್ಟು ಕಷ್ಟವೆಂಬುದನ್ನು ಸಂಘ ನಡೆಸುವ ನಾವು ಬಲ್ಲೆವು.

ಆದ್ದರಿಂದ ಮಕ್ಕಳು ಮೊಳ ಹಾಕಲಿ, ಹಿತ್ತಲಿಗೆ ಹೋಗದೆ ಅಂಗಳದಲ್ಲೇ ನಿಂತು ಹಾಕಲಿ. ಗಿಡ್ಡವಾಗಿದ್ದರೆ ಗಿಡ್ಡವೆಂದೇ ಹೇಳಲಿ. ಹೇಳಿದ ಮೇಲೆ ಸೂಜಿ ಎಲ್ಲಿದೆಯೆಂದು ಹುಡುಕಲಿ; ಒಂದು ದೋಷವನ್ನು ಸರಿಯಾಗಿ ವರದಿ ಮಾಡುವುದು, ಸತ್ತ ಯಂತ್ರದ ಒಂದು ಪ್ರಶ್ನೆಯನ್ನು ತೆಗೆದುಹಾಕುವುದು, ದಣಿದ ಒಬ್ಬ ಕಾವಲುಗಾರನಿಗೆ ಒಂದು ರಾತ್ರಿಯ ನಿದ್ದೆ ಕೊಡಿಸುವುದು, ಇವೂ ಹೊಲಿಗೆಯೇ. ಗಾದೆಯಲ್ಲಿ ದಾನಿ ಬಟ್ಟೆಯನ್ನಷ್ಟೇ ಕೊಟ್ಟಿದ್ದ, ಅಳೆದವನನ್ನು ಜನ ನಕ್ಕರು. ಇಲ್ಲಿ ಸೂಜಿದಾರವನ್ನೂ ಕೊಟ್ಟಿದ್ದಾರೆ. ಅಳೆದು ಸುಮ್ಮನೆ ಕುಳಿತವನನ್ನು ಜನ ನಕ್ಕರೆ ತಪ್ಪಿಲ್ಲ.